ಸೌಹಾರ್ದ ಪಂದ್ಯಕ್ಕೆ ಯಾರು, ಯಾಕೆ? ಮೈಸೂರು–ಕೊಡಗು ಸಂಸದರಿಗೆ ಬಹಿರಂಗ ಪತ್ರ

ಮೈಸೂರು–ಕೊಡಗು ಲೋಕಸಭಾ ಸದಸ್ಯರಾದ
ಶ್ರೀ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಅವರಿಗೆ,

ಮಾನ್ಯರೇ, ನಮಸ್ಕಾರ.

ಭಾರತ ಫುಟ್ಬಾಲ್ ತಂಡದ ಸೌಹಾರ್ದ ಪಂದ್ಯಕ್ಕೆ ಆಟಗಾರರ ಪಟ್ಟಿ ಹೊರಬಿದ್ದ ದಿನ ನಮ್ಮ ಕೊಡಗಿನ ಸುಂಟಿಕೊಪ್ಪದ ಮೈದಾನದ ಬದಿಯಲ್ಲೂ ವಿರಾಜಪೇಟೆಯ ಹೋಟೆಲುಗಳಲ್ಲೂ ಒಂದೇ ವಾಗ್ವಾದ. ಅವನನ್ನು ಯಾಕೆ ತಗೊಂಡರು, ಇವನನ್ನು ಯಾಕೆ ಬಿಟ್ಟರು? ಮುಂದಿನ ಪಂದ್ಯದ ಪಟ್ಟಿ ಬಂದಾಗಲೂ ಇದೇ ಆಗುತ್ತದೆ. ಯಾವ ಆಟಗಾರನ ಪರವಾಗಿಯೂ ಶಿಫಾರಸು ಮಾಡಲು ಈ ಪತ್ರ ಬರೆಯುತ್ತಿಲ್ಲ. ಪಟ್ಟಿಯ ಜೊತೆಗೆ ‘ಯಾಕೆ’ ಎಂಬುದನ್ನೂ ಬರೆದು ಪ್ರಕಟಿಸುವಂತೆ, ಪಂದ್ಯ ಮುಗಿದ ಮೇಲೆ ಯಾರಿಗೆ ಯಾವ ಜಾಗದಲ್ಲಿ ಎಷ್ಟು ನಿಮಿಷ ಸಿಕ್ಕಿತು ಎಂದು ತಿಳಿಸುವಂತೆ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನನ್ನು ಕೇಳಬೇಕು. ಸಂಸತ್ತಿನಲ್ಲಿ ಆ ಪ್ರಶ್ನೆ ಎತ್ತಲು ನಮ್ಮ ಜಿಲ್ಲೆಗೆ ಇರುವ ದನಿ ತಮ್ಮದು.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇವೆ. ಹನ್ನೊಂದು ಜನರನ್ನು ಆರಿಸುವುದು ಕೋಚ್ ಕೆಲಸ. ಮಂತ್ರಿಗಳಾಗಲಿ ಸಂಸದರಾಗಲಿ ಅದರಲ್ಲಿ ಕೈ ಹಾಕುವುದು ಬೇಡ. 2022ರ ಆಗಸ್ಟ್ 15ರಂದು ಹೊರಗಿನವರ ಹಸ್ತಕ್ಷೇಪದ ಕಾರಣ ಕೊಟ್ಟು ಫಿಫಾ ಭಾರತವನ್ನು ಅಮಾನತು ಮಾಡಿತ್ತು. 26ರಂದು ಅದು ತೆರವಾಗದೇ ಹೋಗಿದ್ದರೆ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪೇ ನಮ್ಮ ಕೈತಪ್ಪುತ್ತಿತ್ತು. ಹಾಗಾಗಿ ನಾವು ಕೇಳುತ್ತಿರುವುದು ಲೆಕ್ಕವನ್ನು ಮಾತ್ರ.

ತಂಡ ಈಗ ಎಲ್ಲಿ ನಿಂತಿದೆ ಎಂಬುದು ತಮಗೂ ಗೊತ್ತು. 2023ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಕುವೈತನ್ನು ಪೆನಾಲ್ಟಿಯಲ್ಲಿ ಮಣಿಸಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಗೆದ್ದಾಗ ನಮ್ಮ ಫಿಫಾ ರ‍್ಯಾಂಕ್ 99ಕ್ಕೆ ಬಂದಿತ್ತು. 2025ರ ನವೆಂಬರಿನಲ್ಲಿ ಅದು 142. ನಡುವಿನ 2024ರಲ್ಲಿ ಆಡಿದ್ದು 11 ಪಂದ್ಯ, ಗೆದ್ದದ್ದು ಒಂದೂ ಇಲ್ಲ, ಹೊಡೆದ ಗೋಲು ನಾಲ್ಕು. 2027ರ ಏಷ್ಯನ್ ಕಪ್ಪಿನ ಬಾಗಿಲೂ ಮುಚ್ಚಿತು. ಇಂಥ ಹೊತ್ತಿನಲ್ಲಿ ಹೊಸಬರನ್ನು ಒರೆಗೆ ಹಚ್ಚಲು ಉಳಿದಿರುವ ಜಾಗ ಸೌಹಾರ್ದ ಪಂದ್ಯವೇ.

ಆದರೆ ‘ಸೋತರೆ ರ‍್ಯಾಂಕ್ ಬೀಳುತ್ತದೆ’ ಎಂಬ ಹೆದರಿಕೆಯಲ್ಲಿ ಹಳಬರನ್ನೇ ಇಳಿಸುವ ವಾಡಿಕೆ ಬೆಳೆದಿದೆ. ಲೆಕ್ಕ ಹಾಕಿ ನೋಡಿದರೆ ಈ ಹೆದರಿಕೆಗೆ ಆಧಾರವಿಲ್ಲ. ತಂಡಗಳ ಸ್ಥಾನ ಗೊತ್ತುಮಾಡುವ ಅಂಕ ಹಾಕಲು 2018ರಿಂದ ಫಿಫಾ ಪ್ರತಿ ಪಂದ್ಯಕ್ಕೂ ಒಂದು ತೂಕ ಕೊಡುತ್ತದೆ: ಅಂತರರಾಷ್ಟ್ರೀಯ ವಿಂಡೊದೊಳಗಿನ (ದೇಶಗಳ ಪಂದ್ಯಕ್ಕೆಂದು ಫಿಫಾ ಮೀಸಲಿಟ್ಟ ದಿನಗಳ) ಸೌಹಾರ್ದ ಪಂದ್ಯಕ್ಕೆ 10, ವಿಂಡೊದ ಹೊರಗಿನದಕ್ಕೆ 5, ಅರ್ಹತಾ ಪಂದ್ಯಕ್ಕೆ 25. ಗೆದ್ದರೆ 1, ಡ್ರಾ ಆದರೆ ಅರ್ಧ, ಸೋತರೆ 0. ಅದರಿಂದ ‘ನಿರೀಕ್ಷಿತ ಫಲ’ವನ್ನು ಕಳೆದು, ಉಳಿದದ್ದನ್ನು ತೂಕದಿಂದ ಗುಣಿಸಿ ತಂಡದ ಅಂಕಕ್ಕೆ ಸೇರಿಸುತ್ತಾರೆ. ನಿರೀಕ್ಷಿತ ಫಲ ಎರಡೂ ತಂಡಗಳ ಅಂಕದ ಅಂತರದ ಮೇಲೆ ನಿಂತಿದೆ. ನಮಗಿಂತ 200 ಅಂಕ ಮೇಲಿರುವ ತಂಡದೆದುರು ನಮ್ಮ ನಿರೀಕ್ಷಿತ ಫಲ 0.32ರ ಆಸುಪಾಸು. ವಿಂಡೊದೊಳಗೆ ಅವರಿಗೆ ಸೋತರೆ ಹೋಗುವುದು ಸುಮಾರು 3 ಅಂಕ, ಡ್ರಾ ಮಾಡಿಕೊಂಡರೆ ಬರುವುದು ಸುಮಾರು 2, ಗೆದ್ದರೆ ಸುಮಾರು 7. ಇನ್ನು ನಮಗಿಂತ 200 ಅಂಕ ಕೆಳಗಿರುವ ತಂಡವನ್ನು ಕರೆದು ಸೋಲಿಸಿದರೆ ಸಿಗುವುದು ಅದೇ 3, ಅಕಸ್ಮಾತ್ ಸೋತರೆ ಹೋಗುವುದು 7. ಗೋಲಿನ ಅಂತರ ಲೆಕ್ಕಕ್ಕೇ ಬರುವುದಿಲ್ಲ, 1–0 ಆದರೂ 5–0 ಆದರೂ ಒಂದೇ. ಅಂದರೆ ಬಲಿಷ್ಠ ತಂಡದ ಎದುರು ಹೊಸ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್) ಒಬ್ಬನನ್ನು ಪರೀಕ್ಷಿಸಿ ಸೋತರೆ ತೆರಬೇಕಾದ ಬೆಲೆ ಮೂರು ಅಂಕ. ಅದೇ ಹುಡುಗನನ್ನು ಮೊದಲ ಸಲ ಅರ್ಹತಾ ಪಂದ್ಯದಲ್ಲಿ ಇಳಿಸಿ ಸೋತರೆ ಹೋಗುವುದು ಸುಮಾರು ಎಂಟು, ಜೊತೆಗೆ ಟೂರ್ನಿಯೂ ಹೋಗುತ್ತದೆ.

ಶಿಲ್ಲಾಂಗಿನಲ್ಲಿ 2025ರ ಮಾರ್ಚಿನಲ್ಲಿ ಆಡಿದ ಎರಡು ಪಂದ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ವಿನಂತಿ. 19ರಂದು ಮಾಲ್ಡೀವ್ಸ್ ಜೊತೆ ಸೌಹಾರ್ದ ಪಂದ್ಯ. 3–0 ಗೆಲುವು, 2023ರ ನವೆಂಬರಿನ ನಂತರ ಮೊದಲನೆಯದು. ಗೋಲು ಹೊಡೆದವರು ರಾಹುಲ್ ಭೆಕೆ, ಲಿಸ್ಟನ್ ಕೊಲಾಸೊ, ನಿವೃತ್ತಿಯಿಂದ ಮರಳಿ ಬಂದಿದ್ದ ಸುನಿಲ್ ಛೆಟ್ರಿ. ಭೆಕೆ ಡಿಫೆಂಡರ್, ಕೊಲಾಸೊ ಮೈದಾನದ ಅಂಚಿನಲ್ಲಿ ಓಡುವ ವಿಂಗರ್, ಛೆಟ್ರಿಗೆ ಆಗಲೇ 40 ವರ್ಷ. ಆರು ದಿನ ಕಳೆದು ಅದೇ ಮೈದಾನದಲ್ಲಿ ಬಾಂಗ್ಲಾದೇಶದೆದುರು ಅರ್ಹತಾ ಪಂದ್ಯ, 0–0. ಮೊದಲ ಪಂದ್ಯ ಮನಸ್ಸಿಗೆ ನೆಮ್ಮದಿ ಕೊಟ್ಟಿತು, ನಿಜ. ಆದರೆ ಛೆಟ್ರಿ ಇಲ್ಲದ ದಿನ ನಡುವೆ ನಿಂತು ಗೋಲು ಹೊಡೆಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಜೂನ್ 4ರಂದು ಥಾಯ್ಲೆಂಡ್ ಜೊತೆ ಸೌಹಾರ್ದ ಪಂದ್ಯ 0–2, 10ರಂದು ಹಾಂಗ್‌ಕಾಂಗ್ ಜೊತೆ ಅರ್ಹತಾ ಪಂದ್ಯ 0–1. ಉತ್ತರ ಆಗಲೂ ಸಿಗಲಿಲ್ಲ. 95 ಅಂತರರಾಷ್ಟ್ರೀಯ ಗೋಲುಗಳ ಛೆಟ್ರಿಯ ಮೇಲೆ ನಮಗಿರುವ ಗೌರವಕ್ಕೆ ಪಾರವಿಲ್ಲ. ಅವರನ್ನೇ ವಾಪಸ್ ಕರೆಯಬೇಕಾಗಿ ಬಂದದ್ದು ಅವರ ತಪ್ಪಲ್ಲ. ಅದಕ್ಕೆ ಹಿಂದಿನ ಹತ್ತಾರು ಸೌಹಾರ್ದ ಪಂದ್ಯಗಳಲ್ಲಿ ಅವರ ಜಾಗಕ್ಕೆ ಇನ್ನೊಬ್ಬನನ್ನು ಬೆಳೆಸದೇ ಹೋದದ್ದು ತಪ್ಪು.

ಯಾಕೆ ಬೆಳೆಯಲಿಲ್ಲ? ‘ಕ್ಲಬ್ಬಿನಲ್ಲಿ ಚೆನ್ನಾಗಿ ಆಡುತ್ತಿರುವವನನ್ನು ತಗೊಳ್ಳಿ’ ಎಂಬುದು ಅಭಿಮಾನಿಗಳು ಸಲೀಸಾಗಿ ಹೇಳುವ ಮಾತು. ಆದರೆ ದೇಶದ ಮೇಲ್ಮಟ್ಟದ ಕ್ಲಬ್ ಲೀಗ್ ಆದ ಐಎಸ್‌ಎಲ್‌ನಲ್ಲಿ ಒಂದು ತಂಡ ಒಮ್ಮೆಗೆ ನಾಲ್ವರು ವಿದೇಶಿಯರನ್ನು ಕಣಕ್ಕಿಳಿಸಬಹುದೆಂಬ ನಿಯಮ ಬಂದಾಗಿನಿಂದ ಕ್ಲಬ್ಬುಗಳು ಆ ನಾಲ್ಕು ಜಾಗವನ್ನು ಹೆಚ್ಚಾಗಿ ತಂಡದ ನಡುಬೆನ್ನಿಗೇ ಬಳಸುತ್ತಿವೆ: ಸ್ಟ್ರೈಕರ್, ಅವನ ಹಿಂದಿನ ಮಿಡ್‌ಫೀಲ್ಡರ್, ಸೆಂಟರ್ ಬ್ಯಾಕ್. ನಮ್ಮ ಹುಡುಗರಿಗೆ ಉಳಿಯುವುದು ಅಂಚು. ಛಾಂಗ್ಟೆ, ಕೊಲಾಸೊ, ನಾವೊರೆಮ್ ಮಹೇಶ್ ಎಲ್ಲರೂ ವಿಂಗರ್‌ಗಳೇ. ಮನ್ವೀರ್ ಸಿಂಗ್ ಕ್ಲಬ್ಬಿನಲ್ಲಿ ಬಲಬದಿಯಲ್ಲಿ ಓಡಿ, ದೇಶಕ್ಕೆ ಬಂದಾಗ ನಡುವೆ ನಿಲ್ಲಬೇಕಾಯಿತು. ಬರೀ ಕ್ಲಬ್ ಫಾರ್ಮ್ ನೋಡಿ ಆರಿಸಿದರೆ ಕೈಗೆ ಬರುವುದು ಆರು ಮಂದಿ ವಿಂಗರ್‌ಗಳು, ಒಬ್ಬ ಅರ್ಧಂಬರ್ಧ ಸ್ಟ್ರೈಕರ್. ಈ ಕೊರತೆಯನ್ನು ಲೀಗ್ ತುಂಬಿಕೊಡುವುದಿಲ್ಲ, ಸೌಹಾರ್ದ ಪಂದ್ಯವೇ ತುಂಬಬೇಕು.

ಸ್ಟ್ರೈಕರನ್ನು ಗೋಲಿನಿಂದ ಮಾತ್ರ ಅಳೆಯುವವರಿಗೆ ಒಂದೇ ಪಂದ್ಯದಲ್ಲಿ ಏನೂ ತಿಳಿಯುವುದಿಲ್ಲ. ನೋಡಬೇಕಾದ್ದು ಬೇರೆ. ಗೋಲಿಗೆ ಬೆನ್ನು ಹಾಕಿ ಚೆಂಡು ಪಡೆಯುವ ಕ್ಷಣ ನೋಡಿ. ಹಿಂದಿನಿಂದ ಡಿಫೆಂಡರ್ ಒತ್ತುತ್ತಿರುತ್ತಾನೆ. ಚೆಂಡು ಬರುವ ಮೊದಲೇ ಭುಜದ ಮೇಲಿಂದ ಒಮ್ಮೆ ಹಿಂದಕ್ಕೆ ನೋಡಿದನೇ? ಡಿಫೆಂಡರ್‌ನಿಂದ ದೂರದ ಕಾಲಿನಲ್ಲಿ ಚೆಂಡು ನಿಲ್ಲಿಸಿದನೇ, ಹತ್ತಿರದ ಕಾಲಿನಲ್ಲೇ? ಹತ್ತಿರದ ಕಾಲಿನಲ್ಲಿ ನಿಲ್ಲಿಸಿದರೆ ಡಿಫೆಂಡರ್ ಕಾಲು ತೂರಿಸಿ ಕಿತ್ತುಕೊಳ್ಳುತ್ತಾನೆ. ಇಂಥ ಚೆಂಡು ಒಂದು ಪಂದ್ಯದಲ್ಲಿ ಎಷ್ಟು ಸಲ ಬಂತು, ಎಷ್ಟು ಸಲ ನಮ್ಮವರ ಕಾಲಿಗೇ ಮರಳಿತು ಎಂದು ಗೆರೆ ಎಳೆದು ಎಣಿಸಿದರೆ ಸಾಕು, ಹುಡುಗ ಆ ಜಾಗಕ್ಕೆ ಸರಿಯೋ ಅಲ್ಲವೋ ಎಂಬುದು ಗೋಲಿಲ್ಲದೆಯೂ ಕಾಣುತ್ತದೆ. ವಿಂಗರ್ ಆಗಿ ಬೆಳೆದವನು ಸಾಮಾನ್ಯವಾಗಿ ಇಲ್ಲೇ ಎಡವುತ್ತಾನೆ. ಅವನಿಗೆ ಚೆಂಡು ಯಾವಾಗಲೂ ಎದುರಿನಿಂದ ಬಂದು ಅಭ್ಯಾಸ.

ಎಡಬದಿಯ ಸೆಂಟರ್ ಬ್ಯಾಕ್ ಜಾಗದ ತೊಡಕೂ ಹೀಗೇ ಕಣ್ಣಿಗೆ ಬೀಳದಂಥದು. ಅಲ್ಲಿ ಬಲಗಾಲಿನವನನ್ನು ನಿಲ್ಲಿಸಿದರೆ ಎಡಗೆರೆಯ ಕಡೆ ಪಾಸು ಕೊಡಲು ಚೆಂಡನ್ನು ಬಲಗಾಲಿಗೆ ತಂದುಕೊಳ್ಳಬೇಕು, ಒಂದು ಟಚ್ ಹೆಚ್ಚಾಗುತ್ತದೆ. ಅಷ್ಟರಲ್ಲಿ ಎದುರಾಳಿಯ ಸ್ಟ್ರೈಕರ್ ಮೈಮೇಲೆ ಬಂದಿರುತ್ತಾನೆ, ಚೆಂಡು ಗೋಲ್‌ಕೀಪರ್‌ಗೆ ಹಿಂದಕ್ಕೆ ಹೋಗುತ್ತದೆ, ಅವನು ಉದ್ದಕ್ಕೆ ಹೊಡೆಯುತ್ತಾನೆ, ಚೆಂಡು ಕೈಬಿಡುತ್ತದೆ. ಟಿವಿಯಲ್ಲಿ ಬೈಗುಳ ಬೀಳುವುದು ಗೋಲ್‌ಕೀಪರ್‌ಗೆ. ಎಡಗಾಲಿನ ಸೆಂಟರ್ ಬ್ಯಾಕ್ ಒಬ್ಬನನ್ನು ಹುಡುಕಿ ಎರಡು ಪೂರ್ತಿ ಸೌಹಾರ್ದ ಪಂದ್ಯ ಆಡಿಸಿದರೆ ಈ ಸರಪಳಿ ಮೊದಲ ಕೊಂಡಿಯಲ್ಲೇ ತುಂಡಾಗುತ್ತದೆ.

ಇನ್ನು ದಿನಗಳ ಲೆಕ್ಕ. ಎರಡು ಪಂದ್ಯದ ಮಾಮೂಲಿ ಫಿಫಾ ವಿಂಡೊ ಸೋಮವಾರದಿಂದ ಮುಂದಿನ ವಾರದ ಮಂಗಳವಾರದವರೆಗೆ, ಒಂಬತ್ತು ದಿನ. ಆಟಗಾರ ಭಾನುವಾರ ಕ್ಲಬ್ಬಿಗೆ ಆಡಿ ಸೋಮವಾರ ಪ್ರಯಾಣ ಮಾಡುತ್ತಾನೆ, ಮಂಗಳವಾರ ದಣಿವಾರಿಸಿಕೊಳ್ಳುತ್ತಾನೆ. ಪಂದ್ಯ ಗುರುವಾರವೋ ಶುಕ್ರವಾರವೋ ಇದ್ದರೆ ಒಟ್ಟಾಗಿ ಬೆವರು ಹರಿಸುವ ಅಭ್ಯಾಸ ಒಂದೋ ಎರಡೋ ಸಲ, ಅಷ್ಟೇ. ಇಷ್ಟರಲ್ಲಿ ಎಲ್ಲವನ್ನೂ ಬದಲಿಸಲು ಹೋದರೆ ಏನೂ ಕಲಿಯಲಾಗುವುದಿಲ್ಲ. ನಮ್ಮ ಸಲಹೆ ಇಷ್ಟು: ಹನ್ನೊಂದರಲ್ಲಿ ಏಳು ಮಂದಿ ಪಳಗಿದವರು, ನಾಲ್ವರು ಪರೀಕ್ಷೆಯವರು. ಆ ನಾಲ್ವರು ಅಕ್ಕಪಕ್ಕದ ಜಾಗದಲ್ಲಿ ಇರಬಾರದು. ಹೊಸ ಸೆಂಟರ್ ಬ್ಯಾಕ್ ಪಕ್ಕದಲ್ಲಿ ಹೊಸ ಲೆಫ್ಟ್ ಬ್ಯಾಕ್, ಮುಂದೆ ಹೊಸ ಡಿಫೆನ್ಸಿವ್ ಮಿಡ್‌ಫೀಲ್ಡರ್ ನಿಂತರೆ ಗೋಲು ಬಿದ್ದಾಗ ಯಾರ ಕೈಯಲ್ಲಿ ತಪ್ಪಾಯಿತೆಂದು ಕೋಚಿಗೂ ಹೇಳಲಾಗದು. ಪಕ್ಕದವನು ಪಳಗಿದವನಾದರೆ ಹೊಸಬನ ಗುಣವೂ ದೋಷವೂ ಬಿಡಿಯಾಗಿ ಕಾಣುತ್ತವೆ.

ಪರೀಕ್ಷೆಯವರಿಗೆ ಕನಿಷ್ಠ 60 ನಿಮಿಷ ಕೊಡಬೇಕು, ಅದೂ ಆರಂಭದಿಂದ. ಕೊಡಗಿನವರಿಗೆ ಇದನ್ನು ಹಾಕಿಯ ಮೂಲಕ ಹೇಳುವುದು ಸುಲಭ. ಹಾಕಿಯಲ್ಲಿ ಆಟಗಾರನನ್ನು ಹೊರಗೆ ಕರೆದು, ನೀರು ಕೊಟ್ಟು, ತಪ್ಪು ಹೇಳಿ, ಐದು ನಿಮಿಷದಲ್ಲಿ ಮತ್ತೆ ಒಳಗೆ ಕಳಿಸಬಹುದು. ಅಂತರರಾಷ್ಟ್ರೀಯ ಫುಟ್ಬಾಲಿನಲ್ಲಿ ಹೊರಬಂದವನು ಮತ್ತೆ ಒಳಗೆ ಹೋಗುವಂತಿಲ್ಲ. ಸ್ಪರ್ಧಾ ಪಂದ್ಯಗಳಲ್ಲಿ ಐದು ಬದಲಾವಣೆಯಾದರೆ ಸೌಹಾರ್ದ ಪಂದ್ಯದಲ್ಲಿ ಅದಕ್ಕಿಂತ ಹೆಚ್ಚು ಮಾಡಬಹುದು. ಆ ಸಲಿಗೆಯೇ ಮುಳುವಾಗುತ್ತಿದೆ. 75ನೇ ನಿಮಿಷದ ನಂತರ ಮೂರು ನಾಲ್ಕು ಮಂದಿಯನ್ನು ಒಟ್ಟಿಗೆ ಇಳಿಸುತ್ತಾರೆ. ಆ ಹೊತ್ತಿಗೆ ಎರಡೂ ತಂಡಗಳ ಸಾಲು ಸಡಿಲಾಗಿರುತ್ತದೆ, ಕಾಲು ಸೋತಿರುತ್ತದೆ. ಹುಡುಗನಿಗೆ ‘ಅಂತರರಾಷ್ಟ್ರೀಯ ಆಟಗಾರ’ ಎಂಬ ಹೆಸರು ಬರುತ್ತದೆ, ಅವನ ಬಗ್ಗೆ ಯಾರಿಗೂ ಏನೂ ತಿಳಿಯುವುದಿಲ್ಲ. ಮುಂದಿನ ಪಟ್ಟಿಯಲ್ಲಿ ಅವನ ಹೆಸರು ಇರುವುದಿಲ್ಲ. ಯಾಕೆಂದು ಅವನಿಗೂ ಹೇಳುವವರಿಲ್ಲ.

ಆಟಗಾರರನ್ನು ಬಿಡುಗಡೆ ಮಾಡಿಸುವುದು ಫೆಡರೇಷನ್ನಿನ ಕಚೇರಿ ಕೆಲಸ, ಅಲ್ಲೂ ಲೋಪಗಳಾಗಿವೆ. ವಿಂಡೊದೊಳಗೆ ಕ್ಲಬ್ ಆಟಗಾರನನ್ನು ಬಿಡಲೇಬೇಕು, ಹೊರಗಾದರೆ ಬಿಡಬೇಕೆಂಬ ಕಟ್ಟುಪಾಡಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ವಿಂಡೊದ ಹೊರಗಿತ್ತು. ಕೊನೆಗೆ ಕ್ಲಬ್ಬುಗಳು ಬಿಟ್ಟವರೇ ತಂಡವಾದರು, ಪಂದ್ಯದ ಹಿಂದಿನ ದಿನ ಹೋಗಿ ಇಳಿದು ಚೀನಾಕ್ಕೆ 1–5ರಲ್ಲಿ ಸೋತರು. ಸೌಹಾರ್ದ ಪಂದ್ಯದ ದಿನಾಂಕ ವಿಂಡೊದೊಳಗೇ ಇರಲಿ ಎಂಬುದು ಇದರ ಪಾಠ. ವಿದೇಶದಲ್ಲಿ ಬೆಳೆದ ಭಾರತ ಮೂಲದವರ ವಿಷಯದಲ್ಲೂ ಕಾಗದಪತ್ರ ಮೊದಲು, ಪಟ್ಟಿ ಆಮೇಲೆ. 2008ರ ಸರ್ಕಾರಿ ನೀತಿಯ ಪ್ರಕಾರ ಭಾರತದ ಪಾಸ್‌ಪೋರ್ಟ್ ಇಲ್ಲದವರು ದೇಶಕ್ಕೆ ಆಡುವಂತಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ನಮ್ಮ ಪಾಸ್‌ಪೋರ್ಟ್ ಪಡೆದರು. ಆದರೂ 2025ರ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದೆದುರು ಅವರನ್ನು ಆಡಿಸಲಾಗಲಿಲ್ಲ, ಅನುಮತಿ ಪತ್ರ ಇನ್ನೂ ಬಂದಿರಲಿಲ್ಲ. ಆ ಪಂದ್ಯವನ್ನು ನಾವು 0–1ರಲ್ಲಿ ಸೋತೆವು. ಅವರು ಆಸ್ಟ್ರೇಲಿಯಾಕ್ಕೆ ಮೊದಲು ಆಡಿದ್ದು ಸೌಹಾರ್ದ ಪಂದ್ಯ. ಸೌಹಾರ್ದ ಪಂದ್ಯ ಆಟಗಾರನನ್ನು ಒಂದು ದೇಶಕ್ಕೆ ಶಾಶ್ವತವಾಗಿ ಕಟ್ಟಿಹಾಕುವುದಿಲ್ಲ ಎಂಬ ಕಾರಣಕ್ಕೇ ಅವರಿಗೆ ದೇಶ ಬದಲಿಸುವ ದಾರಿ ತೆರೆದಿತ್ತು.

ತಮ್ಮಿಂದ ಆಗಬಹುದಾದ ಕೆಲಸ ಇದು. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನದ ನೋಟಿಸು ಬೇಕು. ಮೌಖಿಕ ಉತ್ತರದ ಪಟ್ಟಿಗೆ ದಿನಕ್ಕೆ 20 ಪ್ರಶ್ನೆ, ಲಿಖಿತಕ್ಕೆ 230. ಅಂಕಿಅಂಶ ಬೇಕಾಗಿರುವುದರಿಂದ ಲಿಖಿತ ಉತ್ತರದ ಪ್ರಶ್ನೆಯೇ ಮೇಲು. ತರಬೇತಿ ಮತ್ತು ಸ್ಪರ್ಧೆಗಳ ವಾರ್ಷಿಕ ಕ್ಯಾಲೆಂಡರ್, ಅಂದರೆ ಎಸಿಟಿಸಿ, ಅದರಡಿ ಕಳೆದ ಮೂರು ವರ್ಷಗಳಲ್ಲಿ ಹಿರಿಯರ ಫುಟ್ಬಾಲ್ ತಂಡದ ಶಿಬಿರಗಳಿಗೂ ಸೌಹಾರ್ದ ಪಂದ್ಯಗಳಿಗೂ ಬಿಡಿಬಿಡಿಯಾಗಿ ಕೊಟ್ಟ ಹಣ ಎಷ್ಟು ಎಂದು ಕ್ರೀಡಾ ಸಚಿವಾಲಯವನ್ನು ಕೇಳಿ. ಆ ಹಣಕ್ಕೆ ಪ್ರತಿಯಾಗಿ ಫೆಡರೇಷನ್ ಪ್ರತಿ ಪಂದ್ಯದ ತಾಂತ್ರಿಕ ವರದಿ ಸಲ್ಲಿಸಿದೆಯೇ, ಅದರಲ್ಲಿ ಆಯ್ಕೆಯ ಉದ್ದೇಶ ಬರೆದಿದೆಯೇ ಎಂದೂ ಕೇಳಿ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳನ್ನು ಆ ಹಣದ ಬಳಕೆಯ ಮಟ್ಟಿಗೆ ಮಾಹಿತಿ ಹಕ್ಕಿನ ವ್ಯಾಪ್ತಿಗೆ ತಂದಿದೆ. ಹಾಗಾಗಿ ಇದನ್ನು ಗುಟ್ಟಾಗಿಡಲು ಕಾರಣವಿಲ್ಲ.

ಇನ್ನೊಂದು ಮಾತು ನಮ್ಮ ಜಿಲ್ಲೆಯದು. ಹಾಕಿಗೆ ಕೂಡಿಗೆ, ಪೊನ್ನಂಪೇಟೆಯ ಕ್ರೀಡಾ ನಿಲಯಗಳಿವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿ ಇದೆ. ಅಲ್ಲಿ ಒಕ್ಕದ (ಕೊಡವ ಮನೆತನದ) ಹುಡುಗ ಎಲ್ಲಿ ಆಡಿದರೂ ಯಾರಾದರೊಬ್ಬರು ನೋಡಿರುತ್ತಾರೆ. ಸಿದ್ದಾಪುರ, ಸುಂಟಿಕೊಪ್ಪದ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಫುಟ್ಬಾಲ್ ಹುಡುಗರನ್ನು ನೋಡುವವರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಮೈದಾನ ಕೆಸರುಗದ್ದೆ. ಟೂರ್ನಿಗಳೆಲ್ಲ ಬೇಸಿಗೆಯ ಕೆಲವೇ ವಾರಗಳಲ್ಲಿ ಮುಗಿಯುತ್ತವೆ. ಆ ವಾರಗಳಲ್ಲಿ ರಾಜ್ಯ ಸಂಸ್ಥೆಯ ಸ್ಕೌಟ್ ಒಬ್ಬರು ನಾಲ್ಕು ದಿನ ಬಂದು ಕುಳಿತರೂ ಸಾಕು. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಲ್ಲಿ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದ ರಾಜ್ಯ ನಮ್ಮದು.

ಪ್ರಶ್ನೆಗಳ ಕರಡನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿದ್ಧಮಾಡಿ ತಮ್ಮ ಕಚೇರಿಗೆ ತಲುಪಿಸುತ್ತೇವೆ. ಜೊತೆಗೆ ನಾವು ಪಂದ್ಯ ನೋಡುವಾಗ ಬಳಸುವ ಒಂದು ಹಾಳೆಯ ಪಟ್ಟಿಯನ್ನೂ ಇಡುತ್ತೇವೆ: ಆಟಗಾರನ ಹೆಸರು, ಜಾಗ, ಇಳಿದ ನಿಮಿಷ, ಹೊರಬಂದ ನಿಮಿಷ, ಆ ದಿನ ಅವನಲ್ಲಿ ಪರೀಕ್ಷಿಸಬೇಕಾಗಿದ್ದ ಒಂದು ಗುಣ, ಅದು ಕಂಡಿತೋ ಇಲ್ಲವೋ. ಆರು ಕಾಲಂ. ಫೆಡರೇಷನ್ ಪ್ರತಿ ಸೌಹಾರ್ದ ಪಂದ್ಯದ ಮರುವಾರ ಇಷ್ಟನ್ನು ತುಂಬಿ ಪ್ರಕಟಿಸಲಿ.

ಇತಿ,
ಸುಂಟಿಕೊಪ್ಪ, ಸಿದ್ದಾಪುರ, ವಿರಾಜಪೇಟೆಯ ಕೆಲವು ಫುಟ್ಬಾಲ್ ತರಬೇತುದಾರರು ಮತ್ತು ರೆಫರಿಗಳು