ಘಟಪ್ರಭಾ ರೈಲಿನಲ್ಲಿ ಸಿಕ್ಕ ಕಾಕಾ ಅವರಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ, ಕಾಕಾ. ಬೆಳಗಾವಿಯಿಂದ ಘಟಪ್ರಭಾಕ್ಕೆ ಹೊರಟ ರೈಲಿನಲ್ಲಿ ನನ್ನ ಎದುರು ಕೂತಿದ್ದಿರಿ. ನಾನು ಫೋನಿನಲ್ಲಿ ನಮ್ಮ ಹುಡುಗನೊಬ್ಬನಿಗೆ ಜೋರಾಗಿ ಬೈಯುತ್ತಿದ್ದೆ.

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್. ಹಿಂದಿನ ರಾತ್ರಿ ಪ್ಯಾಟರ್ನ್ (ಎರಕದ ಅಚ್ಚು ತೆಗೆಯುವ ಮಾದರಿ) ಬದಲಿಸು ಅಂತ ಅವನಿಗೆ ಹೇಳಿದ್ದೆ. ತಲೆಯಾಡಿಸಿದ್ದ. ಬೆಳಗ್ಗೆ ನೋಡಿದರೆ ಹಳೆಯದರಲ್ಲೇ ಎರಕ ಹೊಯ್ದಾಗಿತ್ತು.

ನೀವು ನನಗೆ ಉಪದೇಶ ಮಾಡಲಿಲ್ಲ. ಸುಮ್ನೆ ನಿಮ್ಮ ರೈಲ್ವೆ ಗೇಟ್‌ಮನ್ ದಿನಗಳ ಮಾತು ತೆಗೆದಿರಿ. ಸ್ಟೇಷನ್ ಮಾಸ್ತರರು ಗಾಡಿ ಬರುತ್ತದೆ ಅಂದಾಗ ಬರೀ ‘ಹೂಂ’ ಅಂದರೆ ಸಾಲದು. ಗೇಟ್ ಹಾಕಬೇಕು, ಆಮೇಲೆ ಗೇಟ್ ಹಾಕಿದ್ದಕ್ಕೆ ಗುರುತಾಗಿ ನಿಮ್ಮ ಹಾಳೆಯಲ್ಲಿರುವ ಪ್ರೈವೇಟ್ ನಂಬರ್ ಹೇಳಬೇಕು. ಅದನ್ನು ಅವರು ಬರೆದುಕೊಂಡ ಮೇಲೇ ಸಿಗ್ನಲ್. ಕೊನೆಗೆ ಅಂದಿರಿ: "ತಿಳೀತೇನು ಅಂತ ಕೇಳಬ್ಯಾಡ ತಮ್ಮಾ. ಏನ್ ತಿಳೀತು ಹೇಳು ಅಂತ ಕೇಳು."

ಮರುದಿನವೇ ನಮ್ಮ ಹುಡುಗರನ್ನು ಹಾಗೆ ಕೇಳಿದೆ. ಮೂವರಲ್ಲಿ ಇಬ್ಬರು ನಾನು ಹೇಳಿದ್ದಕ್ಕಿಂತ ಬೇರೆಯದೇ ಹೇಳಿದರು! ನಮ್ಮಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ನಡೆಯುತ್ತವೆ. ಮಷೀನಿನ ಸದ್ದು ಬೇರೆ. ನನ್ನ ಮಾತಿನ ವೇಗವೂ ಜಾಸ್ತಿ. ಆ ಹುಡುಗ ಹೆದರಿ ತಲೆಯಾಡಿಸಿದ್ದ, ಅಷ್ಟೇ.

ಈಗ ಶಿಫ್ಟ್ ಶುರುವಿಗೆ ಸದ್ದಿನಿಂದ ಆಚೆ ನಿಂತು ಮಾತಾಡುತ್ತೇವೆ. ಅವನು ತನ್ನ ಮರಾಠಿಯಲ್ಲೇ ನನಗೆ ತಿರುಗಿ ಹೇಳುತ್ತಾನೆ. ಅರ್ಥವಾಗದಿದ್ದರೆ ನನ್ನನ್ನೇ ತಡೆದು ಕೇಳುತ್ತಾನೆ. ಇದು ನನಗೆ ಎಷ್ಟು ಖುಷಿ ಗೊತ್ತಾ ಕಾಕಾ?

ನೀವು ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಇಳಿದುಬಿಟ್ಟಿರಿ. ಆ ಹುಡುಗನ ಹತ್ತಿರ ಎಲ್ಲರೆದುರು ಕ್ಷಮೆ ಕೇಳಿದೆ. ಅದನ್ನು ನಿಮಗೆ ಹೇಳಬೇಕಿತ್ತು. ತುಂಬಾ ಧನ್ಯವಾದ.