ಚೀಲ ಹೊಲಿಗೆಯ ಪ್ರಸ್ತಾವಕ್ಕೆ ನಾನೇಕೆ ಸಹಿ ಹಾಕಲಿಲ್ಲ: ಪೋಷಕರಿಗೊಂದು ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಹೋದ ತಿಂಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಸಭೆಯಲ್ಲಿ ಚೀಲ ಹೊಲಿಗೆಯ ಮಾತು ಬಂದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಬಾರದವರಿಗಾಗಿ ಹೇಳುತ್ತೇನೆ. ಬಟ್ಟೆ ಚೀಲದ ಗುತ್ತಿಗೆದಾರರೊಬ್ಬರು ಶಾಲೆಗೆ ಹತ್ತು ಹೊಲಿಗೆ ಯಂತ್ರಗಳನ್ನು ಪುಕ್ಕಟೆ ಕೊಡುತ್ತಾರಂತೆ. ಎಂಟು, ಒಂಬತ್ತನೇ ತರಗತಿಯ ಮಕ್ಕಳು ಶಾಲೆ ಬಿಟ್ಟ ಮೇಲೆ ಎರಡು ತಾಸು ಹೊಲಿಯಬೇಕು. ಚೀಲವೊಂದಕ್ಕೆ 3 ರೂಪಾಯಿ, ದುಡ್ಡು ನೇರ ಮನೆಗೆ. “ಹುಡುಗ್ರು ಮೊಬೈಲ್ ಹಿಡ್ಕೊಂಡು ಕೂಡೋದು ತಪ್ಪತೈತಿ, ಮನಿಗೂ ನಾಕ್ ರೊಕ್ಕ ಆಕ್ಕಾವ, ಸಹಿ ಮಾಡ್ರೀ ಅಕ್ಕೋರ” ಎಂದು ನಮ್ಮ ಹಿರಿಯ ಸದಸ್ಯರೊಬ್ಬರು ಅಂದರು. ಮುಖ್ಯ ಶಿಕ್ಷಕಿಯಾದ ನಾನು ಸಹಿ ಮಾಡಲಿಲ್ಲ.

ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂದು ಕಾಯ್ದೆ ಇದೆ, ಎಂಟನೇ ತರಗತಿಯ ಹೆಚ್ಚಿನವರು ಆ ವಯಸ್ಸಿನೊಳಗಿನವರೇ ಎಂದು ಅಂದು ಹೇಳಿದೆ. ಸಭೆ ಮುಗಿದ ಮೇಲೆ, “ಅಕ್ಕೋರು ಕಾಯ್ದೆ ತೋರಿಸಿ ಬಾಯಿ ಮುಚ್ಚಿಸಿದರು” ಎಂಬ ಮಾತು ಕಿವಿಗೆ ಬಿತ್ತು. ಆ ದೂರಿನಲ್ಲಿ ನ್ಯಾಯವಿದೆ. ಕಾಯ್ದೆ ಇರದಿದ್ದರೂ ನಾನು ಸಹಿ ಹಾಕುತ್ತಿರಲಿಲ್ಲ. ಯಾಕೆಂದು ಈ ಪತ್ರದಲ್ಲಿ ಹೇಳುತ್ತೇನೆ. ತುಸು ಉದ್ದವಾಗಿದೆ, ಇಪ್ಪತ್ತು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳ ಚಟ ಅಂದುಕೊಂಡು ಓದಿ.

ಇದೇ ಪ್ರಸ್ತಾವ ಹಿಂದೆ ಇಂಗ್ಲೆಂಡಿನಲ್ಲಿ ಒಂದಲ್ಲ, ಹತ್ತಾರು ಸಲ ಬಂದಿತ್ತು. ತಂದವರು ಕೆಟ್ಟವರೇನಲ್ಲ. 1576ರಲ್ಲೇ ಅಲ್ಲಿನ ಪಾರ್ಲಿಮೆಂಟು ಕಾಯ್ದೆ ಮಾಡಿತು: ಊರೂರಲ್ಲಿ ಉಣ್ಣೆ, ಸೆಣಬು, ಅಗಸೆ ನಾರು, ಕಬ್ಬಿಣ ಇವುಗಳ ದಾಸ್ತಾನು ಇಟ್ಟು, ಕೈಕಾಲು ಗಟ್ಟಿಯಿರುವ ಬಡವರಿಗೆ ಕೆಲಸ ಕೊಡಬೇಕು. 1601ರ ಕಾಯ್ದೆ ಅದಕ್ಕೆ ಬೇಕಾದ ಹಣವನ್ನು ಪ್ಯಾರಿಷ್‌ನ, ಅಂದರೆ ಒಂದು ಚರ್ಚಿಗೆ ಸೇರಿದ ಊರು-ಕೇರಿಯ, ಉಳ್ಳವರಿಂದ ತೆರಿಗೆಯಾಗಿ ಎತ್ತಲು ಹೇಳಿತು. ಅಗಸೆ ಎಂದರೆ ನಮ್ಮ ಅಗಸಿ ಹಿಂಡಿಯ ಅಗಸೆಯೇ. ನಾವು ಬೀಜ ತಿನ್ನುತ್ತೇವೆ, ಅವರು ಆ ಗಿಡದ ಕಾಂಡ ಕೊಳೆಸಿ, ಬಡಿದು, ಬಾಚಿ ನಾರು ತೆಗೆದು ಲಿನನ್ ನೇಯುತ್ತಿದ್ದರು.

ಎಲ್ಲ ಬಿಟ್ಟು ನೂಲುವ ಕೆಲಸವೇ ಯಾಕೆ? ಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಗ್ಗ ನಡೆಯಬೇಕಾದರೆ ಅದರ ಹಿಂದೆ ನೂಲುವ ಕೈಗಳು ಎಷ್ಟೋ ಬೇಕು. ರಾಟಿಗೆ ಹೆಚ್ಚು ಬೆಲೆಯಿಲ್ಲ, ಮನೆಯ ಮೂಲೆಯಲ್ಲಿ ಹಿಡಿಯುತ್ತದೆ, ಮಗುವೂ ಕಲಿಯಬಹುದು. ಬಡತನ ಕಂಡಾಗಲೆಲ್ಲ ಅಲ್ಲಿನ ದೊಡ್ಡವರಿಗೆ ರಾಟಿ ನೆನಪಾಗುತ್ತಿತ್ತು.

ಆದರೆ 1570ರಲ್ಲಿ ನಾರ್ವಿಚ್ ಪಟ್ಟಣದವರು ಮನೆಮನೆಗೆ ಹೋಗಿ ತಮ್ಮೂರಿನ ಬಡವರ ಪಟ್ಟಿ ಮಾಡಿದರು. ಮಕ್ಕಳೂ ಸೇರಿ ಸುಮಾರು 2,300 ಹೆಸರು. ಪಟ್ಟಿಯಲ್ಲಿದ್ದ ಹೆಂಗಸರಲ್ಲಿ ಎಷ್ಟೋ ಜನ ಆಗಲೇ ನೂಲುತ್ತಿದ್ದರು! ಸೋಮಾರಿತನದಿಂದ ಬಡತನ ಎಂದು ನಂಬಿ ಹೊರಟವರ ಕೈಗೆ, ದುಡಿದೂ ಬಡವರಾಗಿದ್ದವರ ಪಟ್ಟಿ ಸಿಕ್ಕಿತು. ಪಟ್ಟಣದವರು ಅದನ್ನು ಹಾಗೆ ಓದಲಿಲ್ಲ. ವಾರ್ಡ್ ವಾರ್ಡಿಗೆ ಒಬ್ಬಿಬ್ಬರು ಹೆಂಗಸರನ್ನು ನೇಮಿಸಿ, ಮಕ್ಕಳಿಗೆ ಕೆಲಸವನ್ನೂ ಅಕ್ಷರವನ್ನೂ ಕಲಿಸಲು ಹಚ್ಚಿದರು.

ನೂರು ವರ್ಷದ ಮೇಲೆ ಲಂಡನ್ನಿನಲ್ಲಿ ಥಾಮಸ್ ಫರ್ಮಿನ್ ಎಂಬ ಬಟ್ಟೆ ವ್ಯಾಪಾರಿ ಇದ್ದ. ನನಗೆ ಈತನ ಮೇಲೆ ಅಕ್ಕರೆ. 1676ರಲ್ಲಿ ತನ್ನ ಹಣ ಹಾಕಿ ಲಿನನ್ ಕೆಲಸದ ಮನೆ ತೆರೆದ. ಬಡ ಹೆಂಗಸರು ಅಲ್ಲಿಂದ ನಾರು ಒಯ್ದು ಮನೆಯಲ್ಲೇ ನೂತು, ನೂಲು ತಂದುಕೊಟ್ಟು ಕೂಲಿ ಪಡೆಯಬಹುದಿತ್ತು. ಒಂದು ಹಂತದಲ್ಲಿ 1,700ರಷ್ಟು ಜನ ಅವನಿಗಾಗಿ ನೂಲುತ್ತಿದ್ದರು. ದಿನಕ್ಕೆ ಹದಿನಾರು ತಾಸು ನೂತರೂ ಆರು ಪೆನ್ನಿಯ (ಪೆನ್ನಿ ಅಂದರೆ ಅಲ್ಲಿನ ಚಿಲ್ಲರೆ ಕಾಸು) ಮೇಲೆ ಹುಟ್ಟುತ್ತಿರಲಿಲ್ಲ. ಅದು ಸಾಲದೆಂದು ಅವನಿಗೇ ಗೊತ್ತಿತ್ತು, ಹಾಗಾಗಿ ಕೈಯಿಂದ ದುಡ್ಡು, ಚಳಿಗೆ ಕಲ್ಲಿದ್ದಲು ಸೇರಿಸಿ ಕೊಡುತ್ತಿದ್ದ. ಲೆಕ್ಕದಲ್ಲಿ ಲಾಭ ಕಾಣಲೇ ಇಲ್ಲ. ಆದರೂ 1678ರಲ್ಲಿ ಅಚ್ಚು ಹಾಕಿಸಿದ ತನ್ನ ಪ್ರಸ್ತಾವದಲ್ಲಿ, ಏಳೆಂಟು ವರ್ಷದ ಮಕ್ಕಳು ತನ್ನಲ್ಲಿ ದಿನಕ್ಕೆ ಎರಡು ಪೆನ್ನಿ ದುಡಿಯುತ್ತಾರೆ ಎಂದು ಹೆಮ್ಮೆಯಿಂದ ಬರೆದುಕೊಂಡ. ಮನಸ್ಸು ಹಿಂಡುವುದು ಅಲ್ಲಿಯೇ. ಒಳ್ಳೆಯ ಮನುಷ್ಯ, ಮಗುವಿನ ಕೈ ನೋಡುತ್ತಾನೆ, ಕಾಣುವುದು ಎರಡು ಪೆನ್ನಿ.

ಜಾನ್ ಲಾಕ್ ಹೆಸರನ್ನು ನಿಮ್ಮ ಮಕ್ಕಳು ಮುಂದೆ ಪಿಯುಸಿಯಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡರೆ ಕೇಳುತ್ತಾರೆ. ಸ್ವಾತಂತ್ರ್ಯದ ಬಗ್ಗೆ ಬರೆದ ದೊಡ್ಡ ತತ್ವಜ್ಞಾನಿ. ಅವರು 1697ರಲ್ಲಿ ಸರ್ಕಾರದ ವ್ಯಾಪಾರ ಮಂಡಳಿಗೆ ಒಂದು ವರದಿ ಕೊಟ್ಟರು. ಪ್ರತಿ ಪ್ಯಾರಿಷ್‌ನಲ್ಲೂ ‘ದುಡಿಯುವ ಶಾಲೆ’ ತೆರೆಯಬೇಕು, ಪರಿಹಾರ ಬೇಡುವ ಬಡವರ ಮೂರರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲ ಅಲ್ಲಿಗೆ ಬಂದು ನೂಲಬೇಕು ಇಲ್ಲವೆ ಹೆಣೆಯಬೇಕು. ಮೂರು ವರ್ಷ! ನಮ್ಮ ಅಂಗನವಾಡಿಯಲ್ಲಿ ಆ ವಯಸ್ಸಿನ ಮಗುವಿಗೆ ಇನ್ನೂ ಮೂಗು ಒರೆಸಬೇಕು. ಹೊಟ್ಟೆ ತುಂಬ ರೊಟ್ಟಿ, ಚಳಿಯಿದ್ದ ದಿನ ಕೋಣೆ ಕಾಯಿಸುವ ಬೆಂಕಿಯ ಮೇಲೆಯೇ ಕಾಯಿಸಿದ ಬಿಸಿ ಗಂಜಿ, ಇಷ್ಟು ಊಟ. ತಾಯಿಗೆ ಮಕ್ಕಳನ್ನು ನೋಡುವ ಕೆಲಸ ತಪ್ಪಿ ಅವಳೂ ದುಡಿಯಬಹುದು, ಮಕ್ಕಳ ದುಡಿಮೆಯಿಂದ ಶಾಲೆಯ ಖರ್ಚು ಹೊರಡುತ್ತದೆ ಎಂಬುದು ಲೆಕ್ಕ. ಊರಾಚೆ ಭಿಕ್ಷೆ ಬೇಡಿ ಸಿಕ್ಕಿಬಿದ್ದ ಮಗುವನ್ನು ಹತ್ತಿರದ ದುಡಿಯುವ ಶಾಲೆಗೆ ಒಯ್ದು ಚೆನ್ನಾಗಿ ಬಾರಿಸಿ, ಸಂಜೆಯವರೆಗೆ ಕೆಲಸಕ್ಕೆ ಕೂರಿಸಬೇಕೆಂದೂ ಬರೆದಿದ್ದಾರೆ. ವರದಿ ಜಾರಿಗೆ ಬರಲಿಲ್ಲ. ಶಾಲೆಯಲ್ಲೇ ಮಗುವಿನ ಹೊಟ್ಟೆ ತುಂಬಬೇಕು ಎಂಬ ಒಂದು ಮಾತನ್ನು ಮಾತ್ರ, ಬಿಸಿಯೂಟದ ದಾಸ್ತಾನು ಪುಸ್ತಕ ಬರೆಯುವ ನಾನು ಒಪ್ಪುತ್ತೇನೆ.

ಇಂಥದ್ದೇ ಯೋಜನೆ ಜಾರಿಗೆ ಬಂದದ್ದು ಬ್ರಿಸ್ಟಲ್‌ನಲ್ಲಿ. ಜಾನ್ ಕೇರಿ ಎಂಬ ವ್ಯಾಪಾರಿಯ ಮುಂದಾಳತ್ವದಲ್ಲಿ, 1696ರ ಕಾಯ್ದೆಯ ಕೆಳಗೆ, ಊರಿನ ಪ್ಯಾರಿಷ್‌ಗಳೆಲ್ಲ ಸೇರಿ ಒಂದು ಮಂಡಳಿ ಮಾಡಿಕೊಂಡು ಮೊದಲು ನೂರು ಹುಡುಗಿಯರನ್ನು ತೆಗೆದುಕೊಂಡವು. ಮೈ ತೊಳೆದು ಹೊಸ ಬಟ್ಟೆ ಹಾಕಿದರು, ಊಟ ಚೆನ್ನಾಗಿಯೇ ಕೊಟ್ಟರು, ಓದು ಹೇಳಿಕೊಡಲು ಒಬ್ಬರನ್ನು ಇಟ್ಟರು. ಬೇಸಿಗೆಯಲ್ಲಿ ದಿನಕ್ಕೆ ಹತ್ತೂವರೆ ತಾಸು ಉಣ್ಣೆ ನೂಲುವುದು, ಚಳಿಗಾಲದಲ್ಲಿ ಒಂದು ತಾಸು ಕಡಿಮೆ. ಓದಿಗೆ ಎಷ್ಟು ಹೊತ್ತು ಉಳಿದಿತ್ತು ಎಂಬುದನ್ನು ನೀವೇ ಲೆಕ್ಕ ಹಾಕಿ.

ಕೇರಿ 1700ರಲ್ಲಿ ಪ್ರಕಟಿಸಿದ ಲೆಕ್ಕಪತ್ರದಲ್ಲಿ ಒಂದು ಕಡೆ ನಾನು ನಿಂತುಬಿಟ್ಟೆ. ಎಂಟು ತಿಂಗಳಾದರೂ ಮಕ್ಕಳ ದುಡಿಮೆ ಅವರ ಊಟದ ಖರ್ಚಿನ ಅರ್ಧಕ್ಕೂ ಮುಟ್ಟಲಿಲ್ಲ. ಕೆಲಸ ಕೊಟ್ಟ ಸಾಹುಕಾರರು ನೂಲು ದಪ್ಪ ಬಂತು ಎಂದು ಸದಾ ಗೊಣಗುತ್ತಿದ್ದರು, ಆದರೆ ಒಂದು ಪೌಂಡು ತೂಕದ ನೂಲಿಗೆ ಎಂಟು ಪೆನ್ನಿಯ ಮೇಲೆ ಬಿಚ್ಚಲೊಲ್ಲರು. ಅದನ್ನು ತೆಗೆದುಕೊಳ್ಳಬೇಕು, ಇಲ್ಲವೆ ಕೆಲಸವಿಲ್ಲ. ಊರಲ್ಲಿ ಜನ ಭಿಕ್ಷೆಗೆ ಇಳಿಯಲು ದೊಡ್ಡ ಕಾರಣ ಈ ಕಡಿಮೆ ಕೂಲಿಯೇ ಎಂದು ಕೇರಿಗೆ ಆಗ ಹೊಳೆಯಿತು. ನಮ್ಮೂರಲ್ಲಿ ಯಾವ ನೇಕಾರನನ್ನು ಕೇಳಿದ್ದರೂ ಎಂಟು ತಿಂಗಳು ಕಾಯದೆ ಇದನ್ನು ಹೇಳುತ್ತಿದ್ದ.

ಇನ್ನೊಬ್ಬರ ಮಾತು ಹೇಳದೆ ಮುಂದೆ ಹೋಗಲಾರೆ. ‘ರಾಬಿನ್ಸನ್ ಕ್ರೂಸೋ’ ಬರೆದ ಡೇನಿಯಲ್ ಡಿಫೋ. 1704ರಲ್ಲಿ ಸರ್ ಹಂಫ್ರಿ ಮ್ಯಾಕ್‌ವರ್ತ್ ಎಂಬುವರು ಪ್ಯಾರಿಷ್‌ಗೊಂದು ಕೆಲಸದ ಮನೆ ತೆರೆಯುವ ಮಸೂದೆ ತಂದರು. ಕೆಳಮನೆ ಒಪ್ಪಿತು, ಮೇಲ್ಮನೆಯಲ್ಲಿ ಬಿದ್ದುಹೋಯಿತು. ಡಿಫೋ ಅದನ್ನು ವಿರೋಧಿಸಿ ಸಣ್ಣ ಪುಸ್ತಕ ಬರೆದ. ಅವನಿಗೆ ಬಡವರ ಮೇಲೆ ಕರುಣೆ ಉಕ್ಕಿತ್ತು ಅಂತಲ್ಲ, ಇಂಗ್ಲೆಂಡಿನ ಬಡವರು ಸೋಮಾರಿಗಳು, ದುಂದುಗಾರರು ಎಂದು ಅದರಲ್ಲೇ ಬೈದಿದ್ದಾನೆ. ಆದರೆ ಅವನ ಒಂದು ಲೆಕ್ಕ ಮಾತ್ರ ಚುಕ್ತಾ. ಕೆಲಸದ ಮನೆಯ ಮಕ್ಕಳು ನೂಲುವ ಒಂದೊಂದು ಲಡಿ ನೂಲಿಗೂ, ಅದುವರೆಗೆ ಅದನ್ನು ನೂಲುತ್ತಿದ್ದ ಯಾವುದೋ ಬಡ ಮನೆಯಲ್ಲಿ ಒಂದು ಲಡಿ ಕಡಿಮೆಯಾಗುತ್ತದೆ. ಕಾಲ್ಚೆಸ್ಟರ್ ಊರು ‘ಬೇ’ ಎಂಬ ಉಣ್ಣೆ ಬಟ್ಟೆಗೆ ಹೆಸರಾಗಿತ್ತು. ಅದೇ ಬಟ್ಟೆಯನ್ನು ಲಂಡನ್ನಿನ ಕೆಲಸದ ಮನೆಯಲ್ಲಿ ಮಾಡಿಸಿದರೆ ಕೊಳ್ಳುವವರೇನು ಹೆಚ್ಚುತ್ತಾರೆಯೇ? ಅಷ್ಟು ಕೆಲಸ ಕಾಲ್ಚೆಸ್ಟರಿನವರ ಕೈ ತಪ್ಪುತ್ತದೆ, ಅಷ್ಟೇ.

ಈಗ ನಮ್ಮ ಚೀಲಕ್ಕೆ ಬರೋಣ. ಆ ಗುತ್ತಿಗೆದಾರರ ಚೀಲಗಳನ್ನು ಇವತ್ತು ಹೊಲಿಯುತ್ತಿರುವವರು ಯಾರು? ವಿಚಾರಿಸಿದೆ. ನಮ್ಮದೇ ಓಣಿಗಳ ತಾಯಂದಿರು. ಈ ಪತ್ರ ಓದುತ್ತಿರುವವರಲ್ಲೂ ಕೆಲವರಿದ್ದೀರಿ. ನಿಮ್ಮಲ್ಲಿ ಇಬ್ಬರು, ತಮಗೆ ಚೀಲಕ್ಕೆ 5 ರೂಪಾಯಿ ಸಿಗುತ್ತದೆ ಎಂದು ನನಗೆ ಹೇಳಿದಿರಿ. ಮಗಳು ಶಾಲೆಯಲ್ಲಿ ಮೂರಕ್ಕೆ ಹೊಲಿಯತೊಡಗಿದರೆ ಮನೆಯಲ್ಲಿ ತಾಯಿಗೆ ಐದು ಯಾರು ಕೊಡುತ್ತಾರೆ? ಯಂತ್ರ ಪುಕ್ಕಟೆ ಬಂದದ್ದು ಯಾಕೆ ಎಂದು ನನಗೆ ಅರ್ಥವಾದದ್ದು ಆಗ.

ನನ್ನದೂ ಒಂದು ಮಾತು. ನಾನು ಮಗ್ಗದ ಮನೆಯ ಮಗಳು. ಬೆಳಗ್ಗೆ ಕಂಡಿಕೆ, ಅಂದರೆ ಲಾಳಿಯೊಳಗಿನ ನೂಲಿನ ಸುರುಳಿ, ಸುತ್ತಿಟ್ಟೇ ಶಾಲೆಗೆ ಹೊರಡುತ್ತಿದ್ದೆ. ಪಾಟಿಚೀಲ ಹೆಗಲಿಗೇರಿಸುವಾಗ ಅಪ್ಪ, “ಇನ್ನೊಂದ್ ನಾಕ್ ಕಂಡಕಿ ಸುತ್ತಿ ಹೋಗವ್ವಾ” ಅನ್ನುತ್ತಿದ್ದರು. ಮೂರನೆಯದರಲ್ಲಿ ನೂಲು ಹರಿಯುತ್ತಿತ್ತು. ಗಂಟು ಹಾಕುವಷ್ಟರಲ್ಲಿ ಶಾಲೆಯ ಗಂಟೆ ಕೇಳುತ್ತಿತ್ತು. ಅಪ್ಪ ಕಟುಕರಲ್ಲ. ಲಾಳಿಗೆ ಕಂಡಿಕೆ ಇಲ್ಲದಿದ್ದರೆ ಮಗ್ಗ ನಿಲ್ಲುತ್ತಿತ್ತು, ಸಂತೆಯ ದಿನಕ್ಕೆ ಸೀರೆ ಇಳಿಯುತ್ತಿರಲಿಲ್ಲ. ಗಣಿತದ ಮೊದಲ ಪಿರಿಯಡ್ ಒಂದು ವರ್ಷದಲ್ಲಿ ನನಗೆ ಎಷ್ಟು ಸಲ ತಪ್ಪಿತೋ, ಇವತ್ತಿಗೂ ಬಡ್ಡಿ ಲೆಕ್ಕಕ್ಕೆ ಕೈಬೆರಳು ಬೇಕು. ಮನೆಯಲ್ಲಿ ಹೀಗಾಗುವುದನ್ನು ನಾನು ತಡೆಯಲಾರೆ. ಶಾಲೆಯ ಗಂಟೆ ಹೊಡೆಯುವವರೇ ಕಂಡಿಕೆ ಎಣಿಸುವವರಾದರೆ ಮಗು ಓಡಿ ಎಲ್ಲಿಗೆ ಹೋಗಬೇಕು?

ಮನೆಯ ಕಷ್ಟ ನನಗೆ ಗೊತ್ತಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಗುತ್ತಿಗೆದಾರರಿಗೆ ನಾನು ಹೀಗೆ ಉತ್ತರ ಬರೆದಿದ್ದೇನೆ: ಯಂತ್ರ ಕೊಡುವುದಾದರೆ ಸಂತೋಷ, ಮಕ್ಕಳು ವಾರಕ್ಕೆ ಎರಡು ಪಿರಿಯಡ್ ಹೊಲಿಗೆ ಕಲಿಯಲಿ, ತಮ್ಮ ಸಮವಸ್ತ್ರದ ಗುಂಡಿ, ಅಂಚು ತಾವೇ ಹಾಕಿಕೊಳ್ಳಲಿ. ಮಾರುವುದಕ್ಕೆ ಒಂದು ಚೀಲವೂ ಇಲ್ಲಿಂದ ಹೋಗುವುದಿಲ್ಲ. ಈ ಪತ್ರ ಬರೆಯುವ ಹೊತ್ತಿಗೆ ಅವರಿಂದ ಮರುಮಾತು ಬಂದಿಲ್ಲ. ಸಂಜೆ ಐದರಿಂದ ಆರೂವರೆಯವರೆಗೆ ದೊಡ್ಡ ಕೋಣೆ ತೆರೆದಿರುತ್ತದೆ, ಇಬ್ಬರು ಶಿಕ್ಷಕರು ಸರದಿಯಲ್ಲಿ ಇರುತ್ತಾರೆ, ಮೊಬೈಲ್ ಬಿಡಿಸುವ ಕೆಲಸ ನಮಗೆ ಬಿಡಿ.

ಬರುವ ಶನಿವಾರ ಬೆಳಗ್ಗೆ ಹತ್ತೂವರೆಗೆ ಪೋಷಕರ ಸಭೆ ಇದೆ. ಒಂಬತ್ತನೇ ತರಗತಿಯವರು ಡಿಫೋ ಒಂದು ಕಡೆ, ಮ್ಯಾಕ್‌ವರ್ತ್ ಒಂದು ಕಡೆ ಆಗಿ ಅರ್ಧ ತಾಸು ವಾದ ಮಾಡಿ ತೋರಿಸುತ್ತಾರೆ. ಮ್ಯಾಕ್‌ವರ್ತ್ ಪರ ನಿಂತ ಹುಡುಗ ಬಹಳ ಜೋರಾಗಿದ್ದಾನೆ, ಗೆದ್ದರೂ ಗೆಲ್ಲಬಹುದು. ಅವರ ವಾದಕ್ಕೆ ಹಳೆಯ ರಾಟಿ ಬೇಕಾಗಿದೆ, ಯಾರ ಅಟ್ಟದಲ್ಲಾದರೂ ಇದ್ದರೆ ಶುಕ್ರವಾರವೇ ಕಳಿಸಿಕೊಡಿ. ಚೀಲ ಹೊಲಿಯುವ ತಾಯಂದಿರು ತಪ್ಪದೆ ಬನ್ನಿ. ಈಗ ನಿಮಗೆ ಸಿಗುತ್ತಿರುವ ದರವನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ, ಹೆಸರು ಬರೆಯಬೇಕಾಗಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ