ಆಂಟೋನಿಯೋನಿಗೂ ಪಾಚಿ ಬಳಿದ ಪ್ರೊಜೆಕ್ಟರ್

ಮಾನ್ಯರೆ,

ಭಾನುವಾರ ನಡೆದ, ಇಟಲಿಯ ನಿರ್ದೇಶಕ ಆಂಟೋನಿಯೋನಿಯ ‘ರೆಡ್ ಡೆಸರ್ಟ್’ ಸಿನಿಮಾ ಪ್ರದರ್ಶನದ ಬಗ್ಗೆ ನಿಮ್ಮ ಪತ್ರಿಕೆ ‘ಇಟಲಿ ಚಿತ್ರಕ್ಕೆ ಮನಸೋತ ಮೈಸೂರು’ ಎಂದು ಬರೆದಿದೆ. ಮನಸ್ಸು ಸೋತವರು ಯಾರೋ ತಿಳಿಯದು, ನನಗೆ ಸೋತದ್ದು ಸೊಂಟ. ನಿಮ್ಮ ವರದಿಗಾರರು ದೀಪ ಹಚ್ಚುವ ಫೋಟೊ ಹೊಡೆದು, ಉಪ್ಪಿಟ್ಟು ಮುಗಿಸಿ ಹೊರಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಉಳಿದ ವರದಿ ನನ್ನಿಂದ ಕೇಳಿ.

ಐದೂವರೆಗೆ ಎಂದು ಆಹ್ವಾನಪತ್ರಿಕೆ. ಫೈನ್ ಆರ್ಟ್ಸ್ ಓದುವ ಮೊಮ್ಮಗಳನ್ನು ಹೊರಡಿಸಿಕೊಂಡು, ಮಂಡಿನೋವಿನ ಕಾಲೆಳೆಯುತ್ತ, ಮಳೆಯಲ್ಲಿ ಎರಡು ಬಸ್ಸು ಹತ್ತಿಳಿದು ಹೋದರೆ ಗೇಟಿಗೆ ಬೀಗ. ಬೀಗದ ಕೈ ಇಟ್ಟುಕೊಂಡ ಪುಣ್ಯಾತ್ಮ ಟೀ ಕುಡಿಯಲು ಹೋಗಿದ್ದ. ಒಳಗೆ ಬಿಟ್ಟ ಮೇಲೆ ಮುಖ್ಯ ಅತಿಥಿಗಾಗಿ ಒಂದು ಗಂಟೆ ಕಾದೆವು. ಶೌಚಾಲಯಕ್ಕೂ ಬೀಗ. ಫ್ಯಾನಿನ ಗಾಳಿಗೆ ದೀಪ ಮೂರು ಸಲ ಆರಿತು, ಫ್ಯಾನ್ ನಿಲ್ಲಿಸಬೇಕೆಂದು ವೇದಿಕೆಯಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಆಮೇಲೆ ಅಧಿಕಾರಿಗಳ ಭಾಷಣ, ನಲವತ್ತು ನಿಮಿಷ. ‘ರೋಮಿನ ಚರ್ಚಿನ ಚಾವಣಿಗೆ ಚಿತ್ರ ಬರೆದ ಮೈಕೆಲೆಂಜೆಲೊ ಸಿನಿಮಾದಲ್ಲೂ ಕೈಯಾಡಿಸಿದವರು’ ಎಂದು ಅವರು ಅಪ್ಪಣೆ ಕೊಡಿಸಿದರು, ನೀವು ಅದನ್ನು ಹಾಗೇ ಅಚ್ಚು ಹಾಕಿದಿರಿ! ಸ್ವಾಮಿ, ಚಾವಣಿಯ ಮೈಕೆಲೆಂಜೆಲೊ ತೀರಿಕೊಂಡದ್ದು 1564ರಲ್ಲಿ. ಸಿನಿಮಾದ ಮಿಕೆಲಾಂಜೆಲೊ ಆಂಟೋನಿಯೋನಿ ಹುಟ್ಟಿದ್ದು 1912ರಲ್ಲಿ, ಫೆರಾರಾದಲ್ಲಿ. ನಡುವೆ 348 ವರ್ಷ. ನಮ್ಮ ಇಲಾಖೆಯ ಕಡತವೂ ಅಷ್ಟು ಕಾಲ ಮೇಜಿನ ಮೇಲೆ ಕೂರುವುದಿಲ್ಲ.

1985ರಲ್ಲಿ ಪಾರ್ಶ್ವವಾಯು ಬಡಿದು ಆಂಟೋನಿಯೋನಿಯ ಮಾತೇ ಹೆಚ್ಚುಕಡಿಮೆ ನಿಂತುಹೋಗಿತ್ತು. ಹಾಗಿದ್ದೂ ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ನೆರವಿನಿಂದ ಇನ್ನೊಂದು ಸಿನಿಮಾ ಮುಗಿಸಿದ. 1995ರಲ್ಲಿ ಗೌರವ ಆಸ್ಕರ್ ಕೊಟ್ಟಾಗ ಆತನ ಪರವಾಗಿ ಹೆಂಡತಿ ನಾಲ್ಕು ಮಾತಾಡಿದರು, ಅಷ್ಟೆ. ಇಲ್ಲಿ ಆತ ಯಾರೆಂದೇ ಗೊತ್ತಿಲ್ಲದವರಿಗೆ ನಲವತ್ತು ನಿಮಿಷವೂ ಸಾಲಲಿಲ್ಲ.

ಇನ್ನು ಪ್ರೊಜೆಕ್ಟರ್. ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು, ಬಣ್ಣದ ವಿಷಯದಲ್ಲಿ ನನ್ನನ್ನು ಯಾಮಾರಿಸಲು ಬರಬೇಡಿ. 1964ರ ಈ ಚಿತ್ರ ಆಂಟೋನಿಯೋನಿಯ ಮೊದಲ ಕಲರ್ ಚಿತ್ರ. ಇಟಲಿಯ ರವೆನ್ನಾ ಊರಿನ ಕಾರ್ಖಾನೆಗಳ ನಡುವೆ ತೆಗೆಯುವಾಗ ಕ್ಯಾನ್ವಾಸಿಗೆ ಬಳಿದ ಹಾಗೆ ಹುಲ್ಲಿಗೆ, ಮರಕ್ಕೆ ಬಣ್ಣ ಬಳಿಸಿದ. ತಳ್ಳುಗಾಡಿಯ ಹಣ್ಣಿಗೂ ಬೂದಿ ಬಣ್ಣ, ಯಾಕೆಂದರೆ ಮನಸ್ಸು ಕದಡಿದ ನಾಯಕಿ ಜೂಲಿಯಾನಾಗೆ ಲೋಕ ಕಾಣುವುದೇ ಹಾಗೆ. ಆಕೆ ಮಗನಿಗೆ ಕಥೆ ಹೇಳುವಾಗ ಮಾತ್ರ ಪರದೆ ತಿಳಿಯಾಗುತ್ತದೆ: ಸಾರ್ಡಿನಿಯಾ ಪಕ್ಕದ ಬುದೆಲ್ಲಿ ದ್ವೀಪದ ಗುಲಾಬಿ ಮರಳು, ಕನ್ನಡಿಯಂಥ ನೀರು. ಭಾನುವಾರ ಆ ಮರಳು ಪಾಚಿಗಟ್ಟಿದ ಕಲ್ಯಾಣಿಯ ಮೆಟ್ಟಿಲಿನಂತಿತ್ತು. ಎದ್ದು ಹೋಗಿ ಆಪರೇಟರ್ ಹುಡುಗನನ್ನು ಕೇಳಿದೆ. ‘ಹಳೇ ಪಿಚ್ಚರ್ ಅಲ್ವಾ ಸಾರ್, ಹಂಗೇ ಇರ್ತದೆ’ ಎಂದ. ಬಲ್ಬು ಬೇಕೆಂದು ಮೇಲಕ್ಕೆ ಬರೆದು ಎರಡು ವರ್ಷವಾಯಿತಂತೆ. ಅವನನ್ನು ಬೈದು ಏನು ಪ್ರಯೋಜನ?

ಒಂಬತ್ತಾಗುತ್ತಲೇ ಕಾವಲುಗಾರ ಟ್ಯೂಬ್‌ಲೈಟ್ ಹಾಕಿದ. ಸಿನಿಮಾ ಇನ್ನೂ ಕಾಲು ಗಂಟೆ ಬಾಕಿ! ಕೊನೆಯಲ್ಲಿ ಮಗ ಕೇಳುತ್ತಾನೆ, ಆ ಹೊಗೆ ಯಾಕೆ ಹಳದಿ ಎಂದು. ಅದರಲ್ಲಿ ವಿಷ ಇದೆ, ಹಕ್ಕಿಗಳಿಗೆ ಈಗ ಗೊತ್ತಾಗಿದೆ, ಅವು ಅಲ್ಲಿ ಹಾರುವುದಿಲ್ಲ ಎನ್ನುತ್ತಾಳೆ ತಾಯಿ. ಇದನ್ನು ಮೊಮ್ಮಗಳಿಗೆ ನಾನು ಆಟೊದಲ್ಲಿ ಬಾಯಲ್ಲಿ ಹೇಳಬೇಕಾಯಿತು. ಆಟೊದವನು ಇನ್ನೂರೈವತ್ತು ಕಿತ್ತ, ಅದು ಬೇರೆ.

1960ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಆಂಟೋನಿಯೋನಿಯ ‘ಲಾವೆಂಚುರಾ’ ಚಿತ್ರ ನೋಡಿ ಜನ ಕೂಗಿ ಗೇಲಿ ಮಾಡಿದ್ದರು. ಚಿತ್ರದ ಪರವಾಗಿ ಬೇರೆ ನಿರ್ದೇಶಕರು, ವಿಮರ್ಶಕರು ಹೇಳಿಕೆಗೆ ಸಹಿ ಹಾಕಿದರು, ಕೊನೆಗೆ ಜ್ಯೂರಿ ಬಹುಮಾನವೂ ಬಂತು. ನಮ್ಮವರು ಕೂಗಲೂ ಇಲ್ಲ, ಸಹಿಯನ್ನೂ ಹಾಕಲಿಲ್ಲ. ಕೊಡೆ ಹುಡುಕಿಕೊಂಡು ಮನೆಗೆ ಹೋದರು. ನಾನೂ ಹೋದೆ ಅನ್ನಿ.

ಈ ಸಿನಿಮಾ ತೋರಿಸಿದ ಕಚೇರಿಯವರೇ ಒಂಬತ್ತು ವರ್ಷದ ಹಿಂದೆ ಚಿತ್ರಕಲಾ ಪ್ರದರ್ಶನಕ್ಕೆಂದು ಪಡೆದ ನನ್ನ ಕುಕ್ಕರಹಳ್ಳಿ ಕೆರೆಯ ಜಲವರ್ಣವನ್ನು ಇನ್ನೂ ವಾಪಸ್ ಮಾಡಿಲ್ಲ. ಪ್ರದರ್ಶನದಲ್ಲೂ ಅದು ತಲೆಕೆಳಗಾಗಿಯೇ ತೂಗಿತ್ತು. ಕೇಳಿದರೆ ಸ್ಟೋರ್ ರೂಮಿನಲ್ಲಿ ಸೋರುತ್ತದೆ, ಹುಡುಕುತ್ತೇವೆ ಎನ್ನುತ್ತಾರೆ. ಆಂಟೋನಿಯೋನಿ ಅಂಗೈಯಗಲದ ಚಿತ್ರಗಳನ್ನು ಬರೆದು, ಫೋಟೊ ತೆಗೆದು ಹಿಗ್ಗಿಸಿ, ಕಾಗದದ ತರಿಯೇ ಬೆಟ್ಟಸಾಲಾಗುವಂತೆ ಮಾಡಿ ವೆನಿಸ್ಸಿನಲ್ಲಿ ಪ್ರದರ್ಶಿಸಿದ್ದ. ಇಲ್ಲಿ ತಂದುಕೊಟ್ಟಿದ್ದರೆ ಆ ಬೆಟ್ಟಗಳೂ ಸೋರುವ ಸ್ಟೋರ್ ರೂಮಿನಲ್ಲೇ ಇರುತ್ತಿದ್ದವು.

ಸಂಬಂಧಪಟ್ಟವರು ಬಲ್ಬು ಹಾಕಿಸಿ ಚಿತ್ರವನ್ನು ಮತ್ತೆ ಪೂರ್ತಿ ತೋರಿಸಲಿ. ಆಗದಿದ್ದರೆ ಆ ಸಭಾಂಗಣವನ್ನು ಮದುವೆಗೆ ಬಾಡಿಗೆಗೆ ಕೊಟ್ಟು ನಮ್ಮನ್ನು ಬಿಟ್ಟುಬಿಡಲಿ. ನೀವು ಒಂದು ತಿದ್ದುಪಡಿಯನ್ನಾದರೂ ಹಾಕಿ. ಮುಖ್ಯ ಅತಿಥಿಗಳನ್ನು ಕರೆಯುವುದೇ ಬೇಡ, ಕರೆದರೆ ಸಿನಿಮಾ ಮುಗಿಯುವ ತನಕ ಹೊರಗಿನಿಂದ ಬೀಗ ಹಾಕಿ ಕೂರಿಸಿ. ಬೀಗಕ್ಕೇನೂ ಅಲ್ಲಿ ಬರವಿಲ್ಲ. ನನ್ನ ಕೆರೆಯನ್ನೂ ಹುಡುಕಿಕೊಡಲಿ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಸರಸ್ವತಿಪುರಂ, ಮೈಸೂರು